ಚುಕ್ಕಿ ಗುರುತಿನ ಕುರಿಗಳು

ನನ್ನ ಪ್ರೋಗ್ರಾಮು ತಪ್ಪು ಮಾಡುವುದಿಲ್ಲ ಎಂದು ಇಪ್ಪತ್ತೆರಡು ವರ್ಷಗಳಿಂದ ಹೇಳಿಕೊಂಡು ಬಂದವನು ನಾನು. ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಅದು ಹಿರೇನಲ್ಲೂರು ಸುತ್ತಮುತ್ತಲಿನ ಸಾವಿರದ ಎಂಟುನೂರ ಅರವತ್ತೆರಡು ಕುರಿಗಳನ್ನೂ ಅಂಜಿನಮ್ಮ ಎಂಬ ಒಬ್ಬಳೇ ಹೆಂಗಸಿನ ಹೆಸರಿಗೆ ಬರೆದುಬಿಟ್ಟಿತು.

ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದ ಕನಕರಾಜು ಪರದೆಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಅವನು ಅಲ್ಲಿಯ ಕುರಿ ಸಾಕುವವರ ಸಂಘದ ಕಾರ್ಯದರ್ಶಿ.

"ಇದೇನ್ ಮೇಷ್ಟ್ರೇ, ಮೇಲಿಂದ ಕೆಳಗಂಟ ಅಂಜಿನಮ್ಮನೇ?"

"ಸ್ವಲ್ಪ ತಡಿ, ಕೆಳಗೆ ಬೇರೆಯವರಿರ್ತಾರೆ," ಎಂದು ನಾನು ಮೌಸು ಉರುಳಿಸಿದೆ. ಉರುಳಿಸುತ್ತಲೇ ಹೋದೆ. ಕೊನೆಯ ಸಾಲಿನವರೆಗೂ ಬೇರೆಯವರು ಸಿಗಲಿಲ್ಲ. ಕನಕರಾಜು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕಿದ್ದು ಸಾಲದು ಎಂದು ಫೋನು ತೆಗೆದು, ಪರದೆಯ ಫೋಟೊ ಹೊಡೆದು, ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದ. ಆ ದಿನ ನಡೆದ ಎರಡನೆಯ ತಪ್ಪು ಅದು. ಮೊದಲನೆಯದು ನನ್ನದು. ಅದನ್ನು ಮೊದಲು ಹೇಳಿ ಮುಗಿಸುತ್ತೇನೆ.

ಕಡೂರು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಟೈಪಿಂಗ್ ಶಾಲೆ ಇತ್ತು. ಟೈಪ್‌ರೈಟರುಗಳ ಕಾಲ ಮುಗಿದ ಮೇಲೆ ಅದೇ ಮೇಜುಗಳ ಮೇಲೆ ಕಂಪ್ಯೂಟರ್ ಕೂರಿಸಿ, ಬೋರ್ಡಿನಲ್ಲಿ 'ಟೈಪಿಂಗ್' ಎಂಬ ಕಡೆ 'ಕಂಪ್ಯೂಟರ್' ಎಂದು ಬರೆಸಿದೆ. ಮಕ್ಕಳಿಗೆ ಎಕ್ಸೆಲ್ ಕಲಿಸುತ್ತೇನೆ. ಸಂಘ ಸಂಸ್ಥೆಗಳವರು ಬಂದರೆ ಅವರ ಪಟ್ಟಿಗಳನ್ನು ಹಸನು ಮಾಡಿಕೊಡುತ್ತೇನೆ. ಒಂದೇ ಕೆಲಸವನ್ನು ಸಾವಿರ ಸಲ ಮಾಡಬೇಕಾದಾಗ ಮ್ಯಾಕ್ರೋ ಬರೆಯುತ್ತೇನೆ. ಅಂದರೆ, ಆ ಕೆಲಸ ಹೇಗೆ ಮಾಡಬೇಕೆಂದು ಯಂತ್ರಕ್ಕೆ ಒಮ್ಮೆ ಹೇಳಿಕೊಟ್ಟು, ಆಮೇಲೆ ಒಂದು ಗುಂಡಿ ಒತ್ತಿ ಕಾಫಿ ಕುಡಿಯುವುದು. ಕಾಫಿ ತರುವವಳು ಹೆಂಡತಿ ಶಾರದಾಂಬಾ. ಆಕೆ ನಮ್ಮ ಶಾಲೆಯಲ್ಲೇ ಸೀನಿಯರ್ ಗ್ರೇಡನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದವಳು, ಆಮೇಲೆ ನನ್ನನ್ನು ಮದುವೆಯಾದಳು. ಮೊದಲನೆಯದರ ಬಗ್ಗೆ ಆಕೆಗೆ ಇವತ್ತಿಗೂ ಹೆಮ್ಮೆಯಿದೆ.

ಕನಕರಾಜು ವಾರದ ಹಿಂದೆ ನಾಲ್ಕು ಉದ್ದ ನೋಟ್ ಪುಸ್ತಕ ತಂದು ಮೇಜಿನ ಮೇಲೆ ಹಾಕಿದ್ದ. ಶುಕ್ರವಾರ ಕುರಿಗಳಿಗೆ ಲಸಿಕೆ ಹಾಕುತ್ತಾರೆ, ಅವತ್ತೇ ಪ್ರತಿ ಕುರಿಯ ಕಿವಿಗೂ ಒಂದು ಹಳದಿ ಬಿಲ್ಲೆ ಹೊಡೆಯುತ್ತಾರೆ. ಬಿಲ್ಲೆಯ ಮೇಲೆ ಕುರಿಯ ನಂಬರೂ ಯಜಮಾನರ ಹೆಸರೂ ಇರಬೇಕು. ಬಿಲ್ಲೆ ಅಚ್ಚು ಹಾಕುವ ಅಂಗಡಿ ತರೀಕೆರೆಯಲ್ಲಿದೆ. ಸೋಮವಾರ ಸಂಜೆ ಐದರೊಳಗೆ ಎಕ್ಸೆಲ್ ಪಟ್ಟಿ ಅವರಿಗೆ ತಲುಪಬೇಕು. ಒಮ್ಮೆ ಅಚ್ಚಾದರೆ ಮುಗಿಯಿತು, ಮುಂದೆ ಆ ಕುರಿ ಯಾರದೆಂದು ಕೇಳಿದವರಿಗೆಲ್ಲ ಬಿಲ್ಲೆಯೇ ಉತ್ತರ.

ಆದರೆ ಪುಸ್ತಕದ ಸಾಲುಗಳಲ್ಲಿ ಯಜಮಾನರ ಹೆಸರೇ ಇರಲಿಲ್ಲ. ಗಂಡೋ ಹೆಣ್ಣೋ, ದೊಡ್ಡದೋ ಮರಿಯೋ, ಬಣ್ಣ ಯಾವುದು, ಕೊನೆಗೆ ಒಂದು ಗುರುತು, ಇಷ್ಟೇ.

"ಹೆಸ್ರು ಎಲ್ಲಿ ಬರೀತೀರಿ ಮೇಷ್ಟ್ರೇ," ಎಂದಿದ್ದ ಕನಕರಾಜು. "ಒಂದೊಂದು ಮಂದೇಲೂ ನಾಕೈದು ಜನರ ಕುರಿ ಇರ್ತಾವೆ. ಕುರಿ ಮುಖದ ಮೇಲೆ ಬರೆ ಇರ್ತದಲ್ಲ, ಅದನ್ನ ನೋಡಿದ್ರೆ ಯಾರದ್ದು ಅಂತ ಗೊತ್ತಾಗ್ತದೆ. ಯಾವ ಗುರುತು ಯಾರದ್ದು ಅಂತ ಹಿಂದಿನ ಹಾಳೇಲಿ ಬರ್ದಿದೀನಿ."

ಹಿಂದಿನ ಹಾಳೆಯಲ್ಲಿ ಹದಿನೇಳು ಗುರುತು, ಹದಿನೇಳು ಹೆಸರು. ಕುಡುಗೋಲು ರುದ್ರಮೂರ್ತಿಯದು. ಹಾವು ಕಲ್ಲೇಶಪ್ಪನದು. ಎರಡು ಗೆರೆ ದೇವರಾಜನ ಮನೆಯದು. ಎಲ್ಲಕ್ಕಿಂತ ಕೊನೆಯಲ್ಲಿ, ಅಂಚಿಗೆ ಒತ್ತಿಕೊಂಡ ಹಾಗೆ, ಚುಕ್ಕಿ. ನಾವು ರಂಗೋಲಿಯಲ್ಲಿಡುವ ಚುಕ್ಕಿಯಲ್ಲ, ಆಕಾಶದ್ದು. ಅದರ ಮುಂದೆ 'ಅಂಜಿನಮ್ಮ' ಎಂದಿತ್ತು.

ನನ್ನ ಬುದ್ಧಿವಂತಿಕೆ ಅಲ್ಲಿ ತಲೆ ಎತ್ತಿತು. ಕೀಬೋರ್ಡಿನಲ್ಲೇ ಇವೆಲ್ಲ ಇವೆಯಲ್ಲ! ಕುಡುಗೋಲಿಗೆ ಪ್ರಶ್ನೆ ಚಿಹ್ನೆ. ಹಾವಿಗೆ, ಎಡ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿರುವ ಆ ಡೊಂಕು ಗೆರೆ, ಟಿಲ್ಡೆ. ಎರಡು ಗೆರೆಗೆ ಸಮ ಚಿಹ್ನೆ. ಚುಕ್ಕಿಗೆ ಸ್ಟಾರ್. ಉಳಿದ ಗುರುತುಗಳು ಒಂದಲ್ಲ ಒಂದು ಇಂಗ್ಲಿಷ್ ಅಕ್ಷರಕ್ಕೆ ಹೊಂದುತ್ತಿದ್ದವು.

"ರೀ, ಚುಕ್ಕಿ, ಹಾವು, ಕುಡುಗೋಲು ಅಂತ ಹೆಸರನ್ನೇ ಟೈಪ್ ಮಾಡಿದರಾಗಲ್ವಾ?" ಎಂದಳು ಶಾರದಾ.

"ಒಂದು ಗುಂಡಿ ಒತ್ತೋ ಕಡೆ ಆರು ಗುಂಡಿ ಒತ್ತಬೇಕಾ?"

"ಒತ್ತೋಳು ನಾನು ತಾನೆ?"

ನಾನು ಕೀಬೋರ್ಡನ್ನು ಆಕೆಯ ಮುಂದೆ ಸರಿಸಿದೆ. ಸಮ ಚಿಹ್ನೆ ಹೊಡೆದ ತಕ್ಷಣ ಎಕ್ಸೆಲ್ ಲೆಕ್ಕ ಶುರುವಾಯಿತೆಂದುಕೊಂಡು ತಕರಾರು ಮಾಡಿತು. ಮೊದಲು ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿದರೆ ಸುಮ್ಮನಾಗುತ್ತದೆ ಎಂದು ಶಾರದಾಗೆ ತೋರಿಸಿಕೊಟ್ಟು, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಆರು ದಿನ ಆಕೆ ಸಾಲುಗಳನ್ನು ಹೊಡೆದಳು. ನಾನು ಮ್ಯಾಕ್ರೋ ಬರೆದೆ: ಗುರುತಿನ ಕಾಲಮ್ಮನ್ನು ನಕಲು ಮಾಡು, ಇಂಥ ಗುರುತು ಕಂಡ ಕಡೆ ಇಂಥವರ ಹೆಸರು ಹಾಕು, ಕೊನೆಗೆ ಯಾರ ಹೆಸರಿಗೆ ಎಷ್ಟು ಕುರಿ ಬಂತೆಂದು ತೋರಿಸು. ಹದಿನೇಳು ಗುರುತಿಗೆ ಹದಿನೇಳು ಸಾಲು. ಅಂಗೈ ಅಗಲದ ಕೆಲಸ.

ಆ ಅಂಗೈ ಅಗಲದ ಕೆಲಸವೇ ಸೋಮವಾರ ಹತ್ತೂಕಾಲಿಗೆ ನನ್ನ ಮಾನ ಕಳೆದದ್ದು.

ಕಾರಣ ನನಗೆ ಎರಡನೆಯ ನಿಮಿಷದಲ್ಲೇ ಹೊಳೆಯಿತು ಎಂದು ಹೇಳಿಕೊಳ್ಳಲು ಆಸೆಯೇನೋ ಇದೆ. ಹೊಳೆಯಲಿಲ್ಲ. "ಫೈಲು ಕೆಟ್ಟಿರಬೇಕು" ಎಂದೆ. "ಕರೆಂಟು ಹೋಗಿ ಬಂತಲ್ಲ, ಅದಕ್ಕೇ" ಎಂದೆ. ಶಾರದಾ ಕಾಫಿ ಲೋಟ ಇಡುತ್ತಾ, "ಕರೆಂಟು ಬೆಳಿಗ್ಗೆಯಿಂದ ಹೋಗೇ ಇಲ್ಲ," ಎಂದಳು. ಎರಡು ಸಲ ಕಂಪ್ಯೂಟರ್ ಆರಿಸಿ ಹಚ್ಚಿದೆ. ಅಂಜಿನಮ್ಮ ಜಗ್ಗಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಬೈಕು ನಿಂತಿತು. ಒಳಗೆ ಬಂದವನು ನಲವತ್ತೈದರ ಆಸುಪಾಸಿನ ಗಟ್ಟಿ ಆಳು, ಅಂಗಿಯ ಮೇಲೆಲ್ಲ ಟ್ರ್ಯಾಕ್ಟರಿನ ಎಣ್ಣೆ ಕಲೆ. ಫೋಟೊ ನೋಡಿದ ತಕ್ಷಣ ಹೊರಟುಬಂದಿದ್ದನೆಂದು ಮುಖವೇ ಹೇಳುತ್ತಿತ್ತು.

"ನಾನು ದೇವರಾಜ. ಯಾರ್ರೀ ಇದನ್ನ ಮಾಡಿದ್ದು? ನಮ್ಮ ಮಂದೆ ಪೂರಾ ನನ್ನ ತಮ್ಮನ ಹೆಂಡ್ತಿ ಹೆಸ್ರಿಗೆ ಹೆಂಗೆ ಹೋಯ್ತು?"

"ನಿಮ್ಮದೊಂದೇ ಅಲ್ಲಪ್ಪ, ಎಲ್ಲರದ್ದೂ ಹೋಗಿದೆ," ಎಂದೆ. ಇದು ಸಮಾಧಾನದ ಮಾತು ಎಂದು ಆಗ ನನಗನ್ನಿಸಿತ್ತು.

ಕನಕರಾಜು ಅವನನ್ನು ಕೂರಿಸಿ, ಯಂತ್ರದ ತಪ್ಪು ಎಂದು ತಿಳಿಹೇಳಿದ. ದೇವರಾಜ ತಣ್ಣಗಾದ. ಕೆಟ್ಟವನಲ್ಲ ಅವನು. ಬಾಡಿಗೆಗೆ ಟ್ರ್ಯಾಕ್ಟರು ಹೊಡೆಯುತ್ತಾನೆ, ಮನೆಯ ಜಮೀನು ನೋಡಿಕೊಳ್ಳುತ್ತಾನೆ, ಕುರಿಗಳನ್ನು ಅವನಪ್ಪ ದೊಡ್ಡಬೀರಪ್ಪನಿಗೇ ಬಿಟ್ಟಿದ್ದಾನೆ. ತಮ್ಮ ಧರ್ಮೇಶ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ತಮ್ಮನ ಹೆಂಡತಿ ಅಂಜಿನಮ್ಮ ಅದೇ ಮನೆಯಲ್ಲಿದ್ದಳು.

"ಒಂದ್ ಕೆಲ್ಸ ಮಾಡಿ ಮೇಷ್ಟ್ರೇ," ಎಂದ ದೇವರಾಜ. "ಒಂದೇ ಮನೆ, ಒಂದೇ ಮಂದೆ. ಎಲ್ಲಾನೂ ನನ್ನ ಹೆಸ್ರಿಗೇ ಹಾಕ್ಬಿಡಿ. ಗುರುತು ಪರುತು ಯಾಕೆ?"

ಕನಕರಾಜು ತೊಡೆ ತಟ್ಟಿದ. "ಹೌದಲ್ವಾ! ಎಲ್ಲಾ ಮಂದೆಗೂ ಹಂಗೇ ಮಾಡಾಣ. ಗುರುತಿನ ಕಾಲಂ ತೆಗೆದುಹಾಕಿ. ಮಂದೆ ಯಜಮಾನ ಯಾರೋ ಅವನ ಹೆಸ್ರು. ಅರ್ಧ ಗಂಟೆ ಕೆಲ್ಸ. ಒಳಗೊಳಗೆ ಯಾರದ್ದೆಷ್ಟು ಅಂತ ಅವರವರೇ ನೋಡ್ಕತಾರೆ."

ನಿಜ ಹೇಳುತ್ತೇನೆ, ನನಗೆ ಆ ಮಾತು ಹಾಲು ಕುಡಿದಷ್ಟು ಹಿತವಾಯಿತು. ಗುರುತೇ ಇಲ್ಲವೆಂದ ಮೇಲೆ ನನ್ನ ತಪ್ಪೂ ಇಲ್ಲ. ಮ್ಯಾಕ್ರೋ ಬೇಡ, ಅವಮಾನ ಬೇಡ, ಐದು ಗಂಟೆಯ ಹೆದರಿಕೆ ಬೇಡ. ಕಾಲಮ್ಮನ್ನು ಅಳಿಸಲು ಮೌಸಿನ ಮೇಲೆ ಕೈ ಇಟ್ಟೂ ಇದ್ದೆ.

"ಆ ಹೆಂಗಸನ್ನ ಒಂದು ಮಾತು ಕೇಳಿದ್ರಾ?" ಎಂದಳು ಶಾರದಾ. ಆಕೆಗೆ ಇಂಥ ಹೊತ್ತಿನಲ್ಲೇ ಇಂಥ ಮಾತು ಬರುವುದು.

ಕೇಳಬೇಕಾದ ಅಗತ್ಯವೇ ಬರಲಿಲ್ಲ. ಹನ್ನೊಂದೂವರೆಯ ಬಸ್ಸಿಗೆ ಅಂಜಿನಮ್ಮ ತಾನೇ ಬಂದಿಳಿದಳು. ಬಡಕಲು ಹೆಂಗಸು, ಕೈಯಲ್ಲೊಂದು ಪ್ಲಾಸ್ಟಿಕ್ ಬುಟ್ಟಿ, ಬಾಯಿ ತುಂಬ ನಗು. ಬಾವನನ್ನು ನೋಡಿ ಸೆರಗು ಸರಿಮಾಡಿಕೊಂಡು ಬಾಗಿಲ ಹತ್ತಿರವೇ ನಿಂತಳು.

"ಊರಲ್ಲೆಲ್ಲ ನಗಾಡ್ತಾವ್ರೆ. ಎಲ್ಲಾ ಕುರಿನೂ ನಂದಂತೆ. ಅಷ್ಟೊಂದು ಕುರಿ ನಾನೆಲ್ಲಿ ಕೂಡ್ಲಿ ಸ್ವಾಮಿ? ನಮ್ಮ ರೊಪ್ಪದಾಗೆ ಇನ್ನೂರಕ್ಕೆ ಮೇಲೆ ನಿಲ್ಲಾಕಿಲ್ಲ."

ಎಲ್ಲರೂ ನಕ್ಕೆವು. ದೇವರಾಜನೂ ನಕ್ಕ. ಅದೇ ನಗುವಿನಲ್ಲೇ, "ಅದ್ಕೇ ಕಣಮ್ಮ, ರಗಳೆನೇ ಬೇಡ ಅಂತ ನಮ್ಮನೇವು ಅಷ್ಟೂ ನನ್ನ ಹೆಸ್ರಿಗೆ ಬರ್ಸ್ತಾ ಇದೀನಿ," ಎಂದ.

ಅಂಜಿನಮ್ಮನ ನಗು ನಿಂತಿತು. ಬುಟ್ಟಿಯನ್ನು ಕೆಳಗಿಟ್ಟಳು.

"ಬಾವ, ನನ್ನವು ನಲವತ್ತೊಂದವೆ."

"ಯಾರು ಇಲ್ಲ ಅಂದ್ರು? ಹೆಸ್ರು ತಾನೆ, ಯಾರದಿದ್ರೇನು?"

"ಯಾರದಿದ್ರೇನು ಅಂದ್ರೆ ನಂದೇ ಇರ್ಲಿ."

ಆಮೇಲೆ ಆಕೆ ನನ್ನ ಕಡೆ ತಿರುಗಿ, ನಾನು ಯಾರೋ ದೊಡ್ಡ ಅಧಿಕಾರಿ ಎಂಬಂತೆ ಹೇಳಿದಳು. ಆಕೆಯ ತವರು ಅಜ್ಜಂಪುರದ ಹತ್ತಿರದ ಅಂತರಘಟ್ಟೆ. ಮದುವೆಯಲ್ಲಿ ತಾಯಿ ಏಳು ಹೆಣ್ಣು ಕುರಿ ಬಳುವಳಿ ಕೊಟ್ಟಿದ್ದಳು. ಬಳುವಳಿಯ ಕುರಿಗೆ ಗಂಡನ ಮನೆಯ ಬರೆ ಹಾಕುವುದಿಲ್ಲ, ತಾಯಿಯ ಗುರುತೇ ಉಳಿಯುತ್ತದೆ. ಅದರ ಮರಿಗೂ ಅದೇ, ಮರಿಯ ಮರಿಗೂ ಅದೇ. ಆ ಏಳು ಈಗ ನಲವತ್ತೊಂದಾಗಿದ್ದವು. ಜನವರಿಯಲ್ಲಿ ಮಾವ ಮಂದೆ ಹೊಡೆದುಕೊಂಡು ಪರ ಊರಿಗೆ ಹೊರಡುವಾಗ ಮೂವತ್ತು, ತಿರುಗಿ ಬಂದಾಗ ಹನ್ನೊಂದು ಮರಿ ಕೂಡಿಕೊಂಡಿದ್ದವು. ಮಗಳು ಅನುಪಮಾ ಆ ಅಜ್ಜಿಯ ಮನೆಯಲ್ಲಿದ್ದುಕೊಂಡೇ ಅಜ್ಜಂಪುರದಲ್ಲಿ ನರ್ಸಿಂಗ್ ಓದುತ್ತಿದ್ದಳು.

"ನಾಳೆ ಅವಳಿಗೂ ನಾನು ಏಳು ಕೊಡ್ಬೇಕು. ನಂದು ಅಂತ ಇದ್ರೆ ತಾನೆ ಕೊಡೋದು? ಬಾವನ ಕೇಳಿ ಕೊಡೋದಾದ್ರೆ ಅದು ಬಾವ ಕೊಟ್ಟಂಗಾಯ್ತು. ನಮ್ಮವ್ವ ಯಾರನ್ನೂ ಕೇಳ್ಲಿಲ್ಲ."

ದೇವರಾಜ ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರ್ ನೋಡಿದ. ಕನಕರಾಜು ಗಡಿಯಾರ ನೋಡಿದ. ಅಂಜಿನಮ್ಮ ಪರದೆ ನೋಡಿದಳು. ಅದರ ತುಂಬ ಆಕೆಯದೇ ಹೆಸರಿತ್ತು, ಆದರೆ ಆಕೆಗೆ ಬೇಕಾದ ಹಾಗಿರಲಿಲ್ಲ.

"ಮೇಷ್ಟ್ರೇ, ಈ ಯಂತ್ರಕ್ಕೆ ಚುಕ್ಕಿ ಓದಾಕೆ ಬರಾಕಿಲ್ವಾ?"

"ಬರುತ್ತಮ್ಮ," ಎಂದೆ. "ನನಗೆ ಹೇಳಿಕೊಡೋಕೆ ಬಂದಿಲ್ಲ."

ಅಷ್ಟು ಬಾಯಿಬಿಟ್ಟು ಒಪ್ಪಿಕೊಂಡದ್ದೇ ತಡ, ತಲೆ ತಿಳಿಯಾಯಿತು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಪಾಠ ಮಾಡಿದ್ದೇನೆ, ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಕೇಳಿದ್ದೇನೆ, ಬರೆಯದವರಿಗೆ ಬೈದಿದ್ದೇನೆ. ಹುಡುಕು ಎಂದು ಹೇಳುವಾಗ ಎಕ್ಸೆಲ್‌ಗೆ ಸ್ಟಾರ್ ಎಂದರೆ 'ಏನಿದ್ದರೂ ಸರಿ' ಎಂದು. ಚುಕ್ಕಿ ಇರುವ ಕಡೆ ಅಂಜಿನಮ್ಮನ ಹೆಸರು ಹಾಕು ಎಂದು ನಾನು ಹೇಳಿದ್ದೆನೆಂದುಕೊಂಡಿದ್ದೆ. ಏನಿದ್ದರೂ ಸರಿ, ಎಲ್ಲಾ ಕಡೆ ಅಂಜಿನಮ್ಮನ ಹೆಸರು ಹಾಕು ಎಂದು ಅದು ಕೇಳಿಸಿಕೊಂಡಿತ್ತು. ಅದರದು ತಪ್ಪೇನಿಲ್ಲ, ಹೇಳಿದಷ್ಟನ್ನೂ ಮಾಡಿತ್ತು. ಸ್ಟಾರನ್ನು ಬರಿಯ ಸ್ಟಾರ್ ಎಂದು ನೋಡಬೇಕಾದರೆ ಅದಕ್ಕಿಂತ ಮೊದಲು ಆ ಡೊಂಕು ಗೆರೆ, ಟಿಲ್ಡೆ, ಇಡಬೇಕು.

ಟಿಲ್ಡೆ ಇಟ್ಟೆ. "ಎಲ್ಲರೂ ಇತ್ತ ನೋಡಿ," ಎಂದೆ. ಗುಂಡಿ ಒತ್ತಿದೆ.

ಈಗ ಸಾವಿರದ ಎಂಟುನೂರ ಅರವತ್ತೆರಡು ಕುರಿಗಳೂ ರುದ್ರಮೂರ್ತಿಯವಾದವು.

"ಈ ಸಲ ಇವರಾ?" ಎಂದಳು ಶಾರದಾ, ಬಹಳ ಗಂಭೀರವಾಗಿ.

ಕನಕರಾಜು ಮತ್ತೆ ಫೋನಿಗೆ ಕೈ ಹಾಕಿದ. "ಆ ಫೋನು ಹೊರಗೆ ತೆಗೆದರೆ ಪುಸ್ತಕ ನಾಲ್ಕೂ ತಗೊಂಡು ಆಚೆ ನಡಿ," ಎಂದು ಗದರಿದೆ. ನನ್ನ ಸಿಟ್ಟು ಯಾರ ಮೇಲೆ ಎಂದು ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ರುದ್ರಮೂರ್ತಿಯ ಕುಡುಗೋಲಿಗೆ ನಾನು ಕೊಟ್ಟಿದ್ದು ಪ್ರಶ್ನೆ ಚಿಹ್ನೆ. ಅದೂ ಅದೇ ಜಾತಿಯದು: 'ಯಾವುದೋ ಒಂದು ಅಕ್ಷರ' ಎಂದು ಅದರ ಅರ್ಥ. ನಮ್ಮ ಗುರುತುಗಳೆಲ್ಲ ಒಂದೊಂದೇ ಅಕ್ಷರದವು. ಹಿಂದಿನ ಹಾಳೆಯಲ್ಲಿ ರುದ್ರಮೂರ್ತಿಯ ಗುರುತೇ ಮೊದಲನೆಯದಾದ್ದರಿಂದ ಅವನು ಎಲ್ಲವನ್ನೂ ಬಾಚಿಕೊಂಡಿದ್ದ. ಬೆಳಿಗ್ಗೆಯೂ ಬಾಚಿಕೊಂಡೇ ಇದ್ದನಂತೆ, ಕೊನೆಗೆ ಬಂದ ಅಂಜಿನಮ್ಮ ಅವನಿಂದ ಕಿತ್ತುಕೊಂಡಿದ್ದಳು, ಅಷ್ಟೆ.

ಪ್ರಶ್ನೆ ಚಿಹ್ನೆಗೂ ಟಿಲ್ಡೆ ಇಟ್ಟೆ. ಈ ಸಲ ಯಾರನ್ನೂ ನೋಡಿ ಎನ್ನಲಿಲ್ಲ. ಹೆಸರುಗಳು ಬಂದವು, ಬೇರೆ ಬೇರೆ ಹೆಸರುಗಳು, ಕಣ್ಣಿಗೆ ಹಬ್ಬವಾಗುವಂತೆ. ಆದರೆ ಕಲ್ಲೇಶಪ್ಪನ ಹೆಸರೇ ಇಲ್ಲ. ಅವನ ಕುರಿಗಳ ಮುಂದೆ ಹಾವು ಹಾಗೇ ಮಲಗಿತ್ತು.

"ಅವನ್ ಕುರಿ ಯಾರೂ ಇಲ್ಲದವಾಗೋದ್ವಲ್ಲ," ಎಂದಳು ಅಂಜಿನಮ್ಮ, ಮರುಕದಿಂದ. ಅಷ್ಟು ಹೊತ್ತಿಗೆ ಆಕೆ ಶಾರದಾ ಕೊಟ್ಟ ಸ್ಟೂಲಿನ ಮೇಲೆ ಕೂತು, ಕಾಫಿ ಲೋಟ ಹಿಡಿದುಕೊಂಡು, ನನ್ನ ಭುಜದ ಮೇಲಿಂದ ಇಣುಕುತ್ತಿದ್ದಳು.

ಹಾವಿಗೆ ನಾನು ಕೊಟ್ಟಿದ್ದು ಟಿಲ್ಡೆಯನ್ನೇ. ಬೇರೆಯವರ ಮುಂದೆ ನಿಂತು 'ಇವರನ್ನು ಇವರೆಂದೇ ನೋಡು' ಎಂದು ಹೇಳುವ ಕೆಲಸ ಅದರದು. ಅದನ್ನೇ ಹುಡುಕು ಎಂದರೆ ಯಂತ್ರ, ಮುಂದಿನದು ಎಲ್ಲಿ ಎಂದು ಕಾಯುತ್ತಾ ಕೂರುತ್ತದೆ. ಟಿಲ್ಡೆಯ ಹಿಂದೆ ಇನ್ನೊಂದು ಟಿಲ್ಡೆ ಇಟ್ಟೆ. ನಾಲ್ಕನೆಯ ಸಲ ಗುಂಡಿ ಒತ್ತಿದೆ. ಹದಿನೇಳು ಹೆಸರುಗಳೂ ಬಂದವು. ಒಟ್ಟು ಕೂಡಿಸಿದರೆ ಸಾವಿರದ ಎಂಟುನೂರ ಅರವತ್ತೆರಡು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ನನಗೆ ಎದ್ದು ಕುಣಿಯಬೇಕೆನ್ನಿಸಿತು. ಅರವತ್ತೊಂದು ವಯಸ್ಸಾದ್ದರಿಂದ ಕನ್ನಡಕ ತೆಗೆದು ಒರೆಸಿಕೊಂಡೆ. ಎರಡೂ ಹತ್ತು ಆಗಿತ್ತು. ಐದಕ್ಕೆ ಇನ್ನೂ ಬೇಕಾದಷ್ಟು ಸಮಯವಿತ್ತು.

"ನಂದು ಓದಿ ಮೇಷ್ಟ್ರೇ," ಎಂದಳು ಅಂಜಿನಮ್ಮ.

ಲೆಕ್ಕದ ಪಟ್ಟಿಯ ಕೊನೆಯ ಸಾಲು ನೋಡಿದೆ. "ಅಂಜಿನಮ್ಮ, ಅರವತ್ತಮೂರು."

ಅಂಜಿನಮ್ಮ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟಳು.

"ನಲವತ್ತೊಂದಲ್ವಾ?" ಎಂದಳು ಆಕೆ.

"ನೋಡಿ, ಮತ್ತೆ ತಪ್ಪು!" ದೇವರಾಜ ಎದ್ದು ನಿಂತ. "ನನಗೊತ್ತಿತ್ತು. ಕನಕರಾಜಣ್ಣ, ಇದು ಆಗಾ ಹೋಗಾ ಕೆಲ್ಸ ಅಲ್ಲ. ಮಂದೆ ಯಜಮಾನರ ಹೆಸ್ರು ಹಾಕಿ ಕಳಿಸ್ಬಿಡಿ."

ಕನಕರಾಜು ನನ್ನ ಮುಖ ನೋಡಿದ. ಬೆಳಿಗ್ಗೆಯಿಂದ ಮೂರು ಸಲ ತಪ್ಪಿದವನ ಮಾತನ್ನು ನಾಲ್ಕನೆಯ ಸಲ ಯಾರು ನಂಬುತ್ತಾರೆ? ಆದರೆ ಈ ಸಲ ಸರಿಯಿದೆ ಎಂದು ನನಗೆ ಗೊತ್ತಿತ್ತು. ನನ್ನ ಮೈಯೆಲ್ಲ ಉರಿಯಿತು.

"ದೇವರಾಜ, ಕೂತ್ಕೊ," ಎಂದೆ. "ತಪ್ಪು ಮಾಡಿದಾಗ ತಪ್ಪು ಅಂತ ಒಪ್ಪಿಕೊಂಡಿದ್ದೀನಿ. ಈಗ ಒಪ್ಪೋದಿಲ್ಲ. ಪುಸ್ತಕ ತೆಗಿ ಶಾರದಾ."

ಚುಕ್ಕಿಯ ಸಾಲುಗಳನ್ನಷ್ಟೇ ಬೇರೆ ಮಾಡಿ ಪ್ರಿಂಟ್ ತೆಗೆದೆ. ನಾನು ಒಂದೊಂದೇ ಓದುತ್ತಾ ಹೋದೆ, ಶಾರದಾ ಪುಸ್ತಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋದಳು. ದೇವರಾಜ ಅವಳ ಪಕ್ಕ ನಿಂತು ಬೆರಳಿಟ್ಟು ನೋಡಿದ. ಮೂವತ್ತು ದೊಡ್ಡ ಕುರಿ. ಮೂವತ್ತಮೂರು ಮರಿ. ಎಲ್ಲ ಸಾಲಿನಲ್ಲೂ ಕನಕರಾಜುವಿನ ಕೈಬರಹದಲ್ಲಿ ಚುಕ್ಕಿ ಚೆನ್ನಾಗಿ ಮೂಡಿತ್ತು. ಒಂದನ್ನೂ ಶಾರದಾ ತಪ್ಪು ಹೊಡೆದಿರಲಿಲ್ಲ. ಸೀನಿಯರ್ ಗ್ರೇಡ್ ಎಂದರೆ ಸುಮ್ಮನೆ ಅಲ್ಲ.

"ನನ್ನ ಕುರಿ ಈದಿದ್ದು ಹನ್ನೊಂದೇ ಸ್ವಾಮಿ," ಎಂದಳು ಅಂಜಿನಮ್ಮ. "ಮಾವನೇ ನನಗೆ ತೋರ್ಸಿದ್ರು. ಇನ್ನೊಬ್ರ ಮರಿ ನನಗೆ ಬ್ಯಾಡ. ನಾಳೆ ಕದ್ಕೊಂಡ್ಲು ಅಂತ ಅನ್ಸ್ಕಳಾಕೆ ನನಗಾಗಲ್ಲ. ನಲವತ್ತೊಂದು ಬರೀರಿ, ಸಾಕು."

"ಕನಕರಾಜು, ಇದನ್ನ ನೀನು ಹೇಗೆ ಬರೆದೆ?" ಎಂದು ಕೇಳಿದೆ.

ಅವನು ತಲೆ ಕೆರೆದುಕೊಂಡ. "ಅವರ ರೊಪ್ಪಕ್ಕೆ ಹೋಗಿದ್ದೆ. ದೊಡ್ಡಬೀರಪ್ಪ ಒಂದೊಂದೇ ಕುರಿ ಹಿಡಿದು ಗುರುತು ಹೇಳ್ತಾ ಹೋದ, ನಾನು ಬರ್ಕಂಡೆ. ಮರಿಗೆ ಮುಖದ ಮೇಲೆ ಬರೆ ಹಾಕಾಕಿಲ್ಲ ಮೇಷ್ಟ್ರೇ, ಕಿವಿ ಒಳಗೆ ಸಣ್ಣಕೆ ಹಾಕಿರ್ತಾರೆ. ಅವನು ಕಿವಿ ಮಗುಚಿ ನೋಡಿ ಹೇಳ್ದ. ನಾನು ಇಣುಕಿ ನೋಡಿದ್ದೂ ಉಂಟು. ಚುಕ್ಕಿನೇ ಇತ್ತು."

"ಅಪ್ಪಂಗೆ ವಯಸ್ಸಾಯ್ತು," ಎಂದ ದೇವರಾಜ. ಅವನ ದನಿಯಲ್ಲೀಗ ಜೋರಿರಲಿಲ್ಲ. "ಐದು ತಿಂಗಳು ಅಮೃತಾಪುರದ ಕಡೆ ಗದ್ದೆ ಮೇಲೆ ಗೊಬ್ಬರಕ್ಕೆ ಅಂತ ಮಂದೆ ಕೂಡಿಸ್ಕೊಂಡು ಬಿಸ್ಲಾಗೆ ಇದ್ರು. ಅಲ್ಲೇ ಮರಿಗಳಿಗೆ ಬರೆ ಹಾಕಿರೋದು. ಎಲ್ಲೋ ಕೈ ತಪ್ಪಿರ್ಬೇಕು."

"ಇಪ್ಪತ್ತೆರಡು ಸಲ ಕೈ ತಪ್ಪತ್ತೇನಪ್ಪ?" ಎಂದಳು ಶಾರದಾ. "ಕೇಳಿಬಿಡು. ಫೋನು ಇರುತ್ತಲ್ಲ ಅವರ ಹತ್ರ."

ದೇವರಾಜ ಫೋನು ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ, ಮೇಜಿನ ಮೇಲೆ ಕೀಬೋರ್ಡಿನ ಪಕ್ಕ ಇಟ್ಟ. ಬಹಳ ಹೊತ್ತು ಬಡಿದುಕೊಂಡ ಮೇಲೆ ಆ ಕಡೆಯಿಂದ ಕುರಿಗಳ ಸದ್ದೂ ಅದರ ನಡುವೆ ಒಂದು ಒಣ ದನಿಯೂ ಬಂದವು.

"ಏನ್ಲಾ?"

"ಅಪ್ಪ, ಕಡೂರಲ್ಲಿದೀನಿ, ಬಿಲ್ಲೆ ಪಟ್ಟಿ ಮಾಡೋ ಕಡೆ. ಅಂಜಿನಮ್ಮಂದು ಚುಕ್ಕಿ ಕುರಿ ಅರವತ್ಮೂರು ಅಂತ ಬತ್ತೈತೆ. ನಲವತ್ತೊಂದು ತಾನೆ?"

"ಅರವತ್ಮೂರೇ ಕಣ್ಲಾ."

"ಹೆಂಗೆ?"

"ಹೆಂಗೆ ಅಂದ್ರೆ? ಧರ್ಮೇಶಂಗೆ ಅಂತ ನಾನು ತೆಗ್ದಿಟ್ಟಿದ್ದ ಕುರಿ ಇದ್ವಲ್ಲ, ಅವು ಈ ಸಲ ಇಪ್ಪತ್ತೆಲ್ಡು ಮರಿ ಹಾಕಿದ್ವು. ಅವಕ್ಕೆ ಚುಕ್ಕಿ ಹಾಕ್ದೆ. ಅವನಿಲ್ಲ, ಇವಳವ್ಳೆ. ಇನ್ಯಾರ ಗುರುತು ಹಾಕ್ಲಿ?"

ದೇವರಾಜ ಫೋನನ್ನೇ ನೋಡುತ್ತಾ ನಿಂತ. "ಒಂದ್ ಮಾತು ನಮಗೆ ಹೇಳ್ಬಾರ್ದಾ ಅಪ್ಪ? ಅವಳಿಗಾದ್ರೂ ಹೇಳ್ಬಾರ್ದಾ?"

"ಕುರಿ ಮ್ಯಾಲೆ ಬರ್ದಿದೀನಲ್ಲೋ," ಎಂದ ಮುದುಕ. ಹೀಗೂ ಒಂದು ಪ್ರಶ್ನೆಯೇ ಎನ್ನುವಂತಿತ್ತು ದನಿ. "ಇನ್ನೆಲ್ಲಿ ಬರೀಲಿ?"

ನಾನು ಅಳುವವನಲ್ಲ. ಸಿಟ್ಟು ಬರುತ್ತದೆ, ಅಳು ಬರುವುದಿಲ್ಲ. ಅವತ್ತು ಬಂತು, ಮುಚ್ಚಿಡುವುದೇನಿದೆ. ಕನಕರಾಜು ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿದ, ಮತ್ತೆ ಬಿಡಿಸಿ ಜೋಡಿಸಿದ. ಅಂಜಿನಮ್ಮ ಸ್ಟೂ​ಲಿನ ಮೇಲೆ ಹಾಗೇ ಕೂತಿದ್ದಳು, ಮಡಿಲಲ್ಲಿ ಎರಡೂ ಕೈ ಇಟ್ಟುಕೊಂಡು, ಯಾರನ್ನೂ ನೋಡದೆ.

"ಆಯ್ತಪ್ಪ," ಎಂದ ದೇವರಾಜ ಕೊನೆಗೆ. ಆಮೇಲೆ ನನ್ನ ಕಡೆ ತಿರುಗಿದ. "ಹಂಗೇ ಕಳ್ಸಿ ಮೇಷ್ಟ್ರೇ. ಅರವತ್ಮೂರು ಅಂತ್ಲೇ. ಅಪ್ಪ ಹಾಕಿದ್ ಬರೆ ಅಳ್ಸಾಕೆ ನಾನ್ಯಾರು?"

ತರೀಕೆರೆಯ ಅಂಗಡಿಗೆ ಪಟ್ಟಿ ಕಳಿಸಿದೆ. ಮೂರಕ್ಕೆ ಐದು ನಿಮಿಷವಿತ್ತು. ಅತ್ತ ಮುದುಕ ಫೋನು ಇಟ್ಟಿರಲಿಲ್ಲ. ಇಡುವುದು ಹೇಗೆಂದು ಅವನಿಗೆ ಗೊತ್ತಿಲ್ಲವಂತೆ, ಇತ್ತಲಿನವರೇ ಇಡಬೇಕಂತೆ. ಕುರಿಗಳ ಸದ್ದು ಕೇಳುತ್ತಲೇ ಇತ್ತು. ಅಂಜಿನಮ್ಮ ಎದ್ದು ಬಂದು ಮೇಜಿನ ಮೇಲೆ ಬಗ್ಗಿದಳು.

"ಮಾವ," ಎಂದಳು. "ಉಂಡ್ರಾ?"

"ಎಲ್ಲಿ ಉಣ್ಣಾದು? ನೀನು ಇಕ್ಕದೆ ಬಸ್ ಹತ್ತಿ ಹೋದ್ಯಲ್ಲ."

"ಬಂದೆ ತಡೀರಿ," ಎಂದು ಆಕೆ ಬುಟ್ಟಿ ಎತ್ತಿಕೊಂಡಳು. ದೇವರಾಜ ಆಗಲೇ ಹೊರಗೆ ಹೋಗಿ ಬೈಕಿನ ಹಿಂದಿನ ಸೀಟನ್ನು ತನ್ನ ಟವೆಲಿನಿಂದ ಒರೆಸುತ್ತಿದ್ದ.